ನಾನು ತಂದ ನೈಲಾನ್ ಉಂಡೆ

ನಮ್ಮ ಮನೆಯಲ್ಲಿ ಹೊಗೆಸೊಪ್ಪು ಕಟ್ಟುವುದಕ್ಕೂ ಹೆಂಗಸರನ್ನು ಬಡಿಯುವುದಕ್ಕೂ ಒಂದೇ ಕೋಲು. ಎದೆಮಟ್ಟದ ಬಿದಿರು ಕೋಲು, ಹೆಬ್ಬೆರಳಿಗಿಂತ ದಪ್ಪ. ಸೊಪ್ಪಿನ ಕಾಲ ಬಂತೆಂದರೆ ಅವು ಅಂಗಳದ ತುಂಬ ಬಿದ್ದಿರುತ್ತಿದ್ದವು. ನನ್ನ ಮಾವನಿಗೆ ಸಿಟ್ಟು ಬಂದರೆ ಹುಡುಕುವ ಕೆಲಸವೇ ಇರಲಿಲ್ಲ, ಬಗ್ಗಿದರೆ ಸಾಕಿತ್ತು. ಅವನು ಹೊಡೆಯುತ್ತಿದ್ದುದು ಅತ್ತೆಯನ್ನು. ಸಾರಿಗೆ ಉಪ್ಪು ಹೆಚ್ಚಾದರೆ ಹೊಡೆತ, ಕಮ್ಮಿಯಾದರೆ ಹೊಡೆತ, ಸರಿಯಾಗಿದ್ದರೆ ಯಾಕೆ ಬಾಯಿ ಮುಚ್ಚಿಕೊಂಡು ಕೂತಿದ್ದೀಯ ಅಂತ ಹೊಡೆತ. ಅತ್ತೆಯನ್ನು ನಾನು ಅವರು ಅನ್ನುತ್ತೇನೆ, ಮಾವನನ್ನು ಅವನು ಅನ್ನುತ್ತೇನೆ. ಓದುವವರಿಗೆ ಬೇಜಾರಾದರೆ ಆಗಲಿ.

ಅವನ ತಪ್ಪುಗಳು ಊರಿಗೆಲ್ಲ ಗೊತ್ತು. ನಾನು ಬರೆಯಲು ಕೂತಿರುವುದು ನನ್ನ ತಪ್ಪಿನ ಬಗ್ಗೆ. ಅತ್ತೆಯ ಬಲಗೈಯ ಮೂರು ಬೆರಳು ಮುರಿದದ್ದು ಅವನ ಕೋಲಿನಿಂದ. ಆ ಕೋಲು ಮೇಲೇಳುವ ಹಾಗೆ ಮಾಡಿದ್ದು ನಾನು ಹುಣಸೂರಿನಿಂದ ತಂದ ಒಂದು ನೈಲಾನ್ ಉಂಡೆ. ಅದನ್ನು ಮೂರು ವರ್ಷ ಯಾರಿಗೂ ಹೇಳದೆ ಅದೇ ಮನೆಯಲ್ಲಿ ಅದೇ ಅತ್ತೆ ಬಡಿಸಿದ ಮುದ್ದೆ ತಿಂದೆ.

ಈ ಮನೆಗೆ ಬಂದಾಗ ಹೊಗೆಸೊಪ್ಪು ಅಂದರೆ ಏನೆಂದೇ ನನಗೆ ಗೊತ್ತಿರಲಿಲ್ಲ. ನನ್ನ ತವರು ಸಾಲಿಗ್ರಾಮದ ಹತ್ತಿರ, ನಾಲೆ ನೀರಿನ ಊರು. ಭತ್ತ, ಕಬ್ಬು ನೋಡಿಕೊಂಡು ಬೆಳೆದವಳು. ಕೊಟ್ಟಿದ್ದು ಹಾರನಹಳ್ಳಿ ಕಡೆಯ ಈ ಹಳ್ಳಿಗೆ. ಇಲ್ಲಿ ಹೊಲಹೊಲಕ್ಕೂ ಎತ್ತರದ, ಕಿಟಕಿಯಿಲ್ಲದ ಇಟ್ಟಿಗೆಯ ಕಟ್ಟಡ. ಮದುವೆಯಾಗಿ ಬಂದ ದಿನ ಅದನ್ನು ನೋಡಿ ಯಾವ ದೇವರ ಗುಡಿ ಅಂತ ಕೇಳಿದ್ದೆ. ಅತ್ತೆ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು.

"ಗುಡಿ ಅಲ್ಲ ಕಣಮ್ಮಿ, ಬ್ಯಾರನ್ನು. ಸೊಪ್ಪು ಬೇಯ್ಸೋ ಮನೆ."

ಹಸಿ ಸೊಪ್ಪನ್ನು ನೂಲಿನಿಂದ ಕೋಲಿಗೆ ಕಟ್ಟಬೇಕು. ಆ ಕೋಲುಗಳನ್ನು ಬ್ಯಾರನ್ನಿನೊಳಗೆ ಅಟ್ಟದ ಮೇಲೆ ಅಟ್ಟವಾಗಿ ಸೂರಿನವರೆಗೂ ನೇತುಹಾಕಬೇಕು. ಹೊರಗಿನ ಒಲೆಗೆ ಸೌದೆ ತಳ್ಳಿದರೆ ಒಳಗೆ ನೆಲದುದ್ದಕ್ಕೂ ಹಾಯುವ ಕಬ್ಬಿಣದ ಕೊಳವೆಗಳು ಕಾಯುತ್ತವೆ. ಐದಾರು ದಿನ ಹಗಲೂ ಇರುಳೂ ಆ ಕಾವು ಕೊಟ್ಟರೆ ಸೊಪ್ಪು ಚಿನ್ನದ ಬಣ್ಣಕ್ಕೆ ತಿರುಗುತ್ತದೆ. ಅಷ್ಟೂ ದಿನ ಒಂದೇ ಒಂದು ಎಲೆ ಜಾರಿ ಕೆಳಗೆ ಬೀಳಬಾರದು. ಕಾದ ಕೊಳವೆಯ ಮೇಲೆ ಒಣಗಿದ ಎಲೆ ಬಿದ್ದರೆ ಅಲ್ಲೇ ಹೊತ್ತಿಕೊಳ್ಳುತ್ತದೆ, ಒಂದು ಹೊತ್ತಿಕೊಂಡರೆ ಇಡೀ ಬ್ಯಾರನ್ನೇ ಹೋಗುತ್ತದೆ. ಆ ಎಲೆಯನ್ನು ಬೀಳದಂತೆ ಹಿಡಿದಿರುವುದು ಕಿರುಬೆರಳಿಗಿಂತ ಎಷ್ಟೋ ತೆಳ್ಳಗಿನ ನೂಲು, ಆ ನೂಲನ್ನು ಎಳೆದು ಕಟ್ಟಿದ ಹೆಂಗಸಿನ ಕೈ.

ಅತ್ತೆಯ ಕೈ ಸುತ್ತಮುತ್ತಲಿನ ನಾಕು ಊರಿಗೆ ಹೆಸರಾದ ಕೈ. ಮದುವೆಗೆ ಮುಂಚೆ ಅವರು ಬೈಲಕುಪ್ಪೆಯ ಕ್ಯಾಂಪಿನಲ್ಲಿ ಟಿಬೆಟಿನ ಹೆಂಗಸರ ಜೊತೆ ಕೂತು ದಪ್ಪ ರತ್ನಗಂಬಳಿ ನೇಯುತ್ತಿದ್ದರಂತೆ. ಟಿಬೆಟಿನವರ ಭಾಷೆ ಬರುತ್ತಿರಲಿಲ್ಲ, ಬೆರಳು ನೋಡಿಕೊಂಡೇ ಕಲಿತರಂತೆ. ಅಲ್ಲಿಂದ ತಂದ ಒಂದು ಗಂಟು ಅವರ ಹತ್ತಿರ ಇತ್ತು. ಎರಡು ಸುತ್ತು ಸುತ್ತಿ, ತುದಿಯನ್ನು ಒಳಗಿನಿಂದ ತೂರಿಸಿ, ಹಲ್ಲಿನಲ್ಲಿ ಕಚ್ಚಿ ಎಳೆಯುವ ಗಂಟು. ಸೊಪ್ಪು ಕಟ್ಟುವ ಪ್ರತಿ ಹೆಂಗಸೂ ಕೋಲಿನ ಕೊನೆಯಲ್ಲಿ ತನ್ನದೇ ಒಂದು ಥರದ ಗಂಟು ಹಾಕುತ್ತಾಳೆ. ಬ್ಯಾರನ್ನಿಗೆ ಕೋಲು ಏರಿಸುವವರು ಗಂಟು ನೋಡಿ ಇದು ಯಾರದು ಅಂತ ಹೇಳಿಬಿಡುತ್ತಾರೆ. ಕಲಿಯುವವರ ಕೋಲು ಮೇಲಿನ ಅಟ್ಟಕ್ಕೆ, ಕೈ ಗಟ್ಟಿಯಿರುವವರದು ಕೆಳಕ್ಕೆ. ಕೊಳವೆಗೆ ಎಲ್ಲಕ್ಕಿಂತ ಹತ್ತಿರದ ಅಟ್ಟಕ್ಕೆ ನಮ್ಮ ಮನೆಯಲ್ಲಿ ಅತ್ತೆ ಕಟ್ಟಿದ ಕೋಲು ಬಿಟ್ಟರೆ ಬೇರೆ ಕೋಲು ಏರುತ್ತಿರಲಿಲ್ಲ.

ಸೊಪ್ಪಿನ ರಾಶಿಯ ಸುತ್ತ ಕೂತು ಕಟ್ಟುವಾಗ ಅತ್ತೆ ಕತೆ ಹೇಳುತ್ತಿದ್ದರು. ಒಂದು ಕತೆ ನೆನಪಿದೆ. ದಿನಕ್ಕೊಬ್ಬರನ್ನು ತಿನ್ನುವ ರಾಕ್ಷಸ ಒಂದು ಮನೆಗೆ ಬರುತ್ತಾನೆ. ಆ ಮನೆಯ ಹೆಂಗಸು, ತಿನ್ನೋಕೆ ಮುಂಚೆ ಒಂದು ಕತೆ ಕೇಳು, ನಾನು ಹೇಳಿದ ಮಾತಿಗೆಲ್ಲ ಊಂಗುಟ್ಟಬೇಕು ಅನ್ನುತ್ತಾಳೆ. ಅವನು ಊಂ ಅಂದಾಗೆಲ್ಲ ಅವನ ಸುತ್ತ ಒಂದು ಸುತ್ತು ನೂಲು ಸುತ್ತುತ್ತಾಳೆ. ಕತೆ ಮುಗಿಯುವ ಹೊತ್ತಿಗೆ ರಾಕ್ಷಸ ನೂಲಿನ ಉಂಡೆಯಾಗಿ ಕೂತಿರುತ್ತಾನೆ. ಆಮೇಲೆ ಮನೆಯ ಹೆಂಗಸರೆಲ್ಲ ಒನಕೆ ತಂದು ಅವನ ತಲೆ ಒಡೆಯುತ್ತಾರೆ. ಒನಕೆಯ ಮಾತು ಬಂದಾಗ ಕೂಲಿಗೆ ಬಂದ ಹೆಂಗಸರು ಮಾವ ಎಲ್ಲಿದ್ದಾನೆ ಅಂತ ಒಮ್ಮೆ ತಿರುಗಿ ನೋಡಿ, ಆಮೇಲೆ ನಗುತ್ತಿದ್ದರು. ಕೋಲಿನ ಕೊನೆಯ ಗಂಟು ಬಿದ್ದಲ್ಲಿಗೆ ಅತ್ತೆ ಕತೆ ನಿಲ್ಲಿಸಿಬಿಡುತ್ತಿದ್ದರು, ಮುಂದಿನದು ಮುಂದಿನ ಕೋಲಿಗೆ.

ನನ್ನ ಕೈ ಮಾತ್ರ ದರಿದ್ರದ ಕೈ. ಎಳೆದರೆ ನೂಲು ಹರಿಯುತ್ತಿತ್ತು, ಎಳೆಯದಿದ್ದರೆ ಸೊಪ್ಪು ಜೋಲುತ್ತಿತ್ತು. ಬೆರಳ ಸಂದಿಯೆಲ್ಲ ಕುಯ್ದು, ಮೇಲೆ ಸೊಪ್ಪಿನ ಕಪ್ಪು ಅಂಟು ಮೆತ್ತಿಕೊಂಡು ಉರಿಯುತ್ತಿತ್ತು. ಎರಡನೇ ವರ್ಷದ ಸೊಪ್ಪಿನಲ್ಲಿ ಒಂದು ದಿನ ಒಂದೇ ಕೋಲಿಗೆ ಮೂರು ಸಲ ನೂಲು ಹರಿಯಿತು. ಹಿಂದೆ ನಿಂತು ನೋಡುತ್ತಿದ್ದ ಮಾವ ಬಗ್ಗಿ ಒಂದು ಕೋಲು ತೆಗೆದುಕೊಂಡ. ಅದುವರೆಗೆ ನನ್ನ ಮೇಲೆ ಕೈ ಮಾಡಿರಲಿಲ್ಲ. ನನ್ನ ಬೆರಳ ಗೆಣ್ಣಿನ ಮೇಲೆ ಒಂದು ಬಿಟ್ಟ. ಕಣ್ಣಿಗೆ ಕತ್ತಲೆ ಬಂತು.

"ನೀರಾವರಿ ಎಣ್ಣು. ತಿನ್ನಕ್ಕೆ ಸರಿ, ಗೇಯಕ್ಕಿಲ್ಲ" ಅಂದ.

ನನ್ನ ಗಂಡ ಅಲ್ಲೇ ಕೋಲು ಎತ್ತಿಡುತ್ತಿದ್ದ. ತಲೆ ಎತ್ತಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಇವರಿಗೆ ನನ್ನ ಕೈ ಏನು ಅಂತ ತೋರಿಸಬೇಕು ಅನ್ನುವ ಹಟ ಅವತ್ತು ಹತ್ತಿಕೊಂಡಿತು, ಆ ಹಟವೇ ಎಲ್ಲರ ತಲೆಯ ಮೇಲೆ ಬಂತು.

ಮುಂದಿನ ವಾರ ಕಣ್ಣಿನ ಡಾಕ್ಟರಿಗೆ ತೋರಿಸುವ ನೆಪ ಮಾಡಿಕೊಂಡು ಹುಣಸೂರಿಗೆ ಹೋದೆ. ಹುರಿ, ಹಗ್ಗ ಮಾರುವ ಅಂಗಡಿಯಲ್ಲಿ ಹತ್ತಿ ನೂಲಿನ ಪಕ್ಕದಲ್ಲೇ ಬಿಳಿ ನೈಲಾನ್ ಉಂಡೆ ಇಟ್ಟಿದ್ದರು. ಎಷ್ಟು ಎಳೆದರೂ ಹರಿಯಲ್ಲ ಅಂತ ಅಂಗಡಿಯವನು ಎರಡೂ ಕೈಯಲ್ಲಿ ಜಗ್ಗಿ ತೋರಿಸಿದ. ಅತ್ತೆ ಒಮ್ಮೆ ಹೇಳಿದ್ದು ನೆನಪಿತ್ತು.

"ಸೊಪ್ಪು ಒಣಗ್ತಾ ಒಣಗ್ತಾ ಸಣ್ಣಗಾಯ್ತದೆ ಕಣಮ್ಮಿ. ಈ ನೂಲು ತೊಟ್ಟಿಗೆ ಕಚ್ಕೊಂಡೇ ಇರ್ತದೆ. ಪಲಾಸ್ಟಿಕ್ ದಾರ ಜಾರ್ತದೆ, ಅದುನ್ನ ಮುಟ್ಟಬ್ಯಾಡ."

ಹಳೇ ಕಾಲದವರ ಮಾತು ಅಂದುಕೊಂಡೆ. ಉಂಡೆಯನ್ನು ಬ್ಯಾಗಿನ ತಳದಲ್ಲಿ, ಸೀರೆಯ ಕೆಳಗೆ ಮುಚ್ಚಿ ತಂದೆ. ಸೊಪ್ಪಿನ ಅಂಟಿನಲ್ಲಿ ಉಜ್ಜಿದರೆ ಅರ್ಧ ಗಂಟೆಯಲ್ಲಿ ಎಲ್ಲ ದಾರವೂ ಒಂದೇ ಕಪ್ಪು, ಯಾರಿಗೂ ಗುರುತು ಸಿಗಲಿಲ್ಲ. ನನ್ನ ಕೈ ಓಡತೊಡಗಿತು. ಅಷ್ಟಕ್ಕೇ ನಿಲ್ಲಿಸಿದ್ದರೆ ನನ್ನ ಕೋಲುಗಳು ಮೇಲಿನ ಅಟ್ಟದಲ್ಲೆಲ್ಲೋ ಇರುತ್ತಿದ್ದವು. ನಾನು ಅತ್ತೆಯ ಗಂಟನ್ನು ಕದ್ದು ನೋಡಿ ಕಲಿತಿದ್ದೆ. ಅವತ್ತು ಕಟ್ಟಿದ ಹತ್ತಾರು ಕೋಲಿಗೂ ಎರಡು ಸುತ್ತು, ಒಳಗಿನಿಂದ ತೂರಿಸು, ಹಲ್ಲಿನಲ್ಲಿ ಕಚ್ಚಿ ಎಳೆ. ನನ್ನ ಗಂಡ ಕೋಲು ಏರಿಸುವಾಗ ಗಂಟು ನೋಡಿ, ಅತ್ತೆಯದೆಂದುಕೊಂಡು, ಅವನ್ನು ಕೆಳಗಿನ ಅಟ್ಟಕ್ಕೆ ಹಾಕಿದ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಹೇಳಬಹುದಿತ್ತು. ಒಳಗೊಳಗೇ ಹಿಗ್ಗಿದೆ. ಐದು ದಿನ ಕಳೆದು ಸೊಪ್ಪು ಇಳಿಸಿದ ಮೇಲೆ ಮಾವನ ಮುಂದೆ ನಿಂತು, ಕೆಳಗಿನ ಅಟ್ಟದ್ದು ನಾನು ಕಟ್ಟಿದ್ದು ಅನ್ನಬೇಕು, ಅವನ ಮೋರೆ ನೋಡಬೇಕು ಅಂತ ಲೆಕ್ಕ ಹಾಕುತ್ತಿದ್ದೆ.

ಐದನೇ ದಿನ, ದಂಟು ಒಣಗಿಸಲು ಕಾವು ಪೂರ್ತಿ ಏರಿಸಿದ ದಿನ, ಮಟಮಟ ಮಧ್ಯಾಹ್ನ ಬ್ಯಾರನ್ನಿಗೆ ಬೆಂಕಿ ಬಿತ್ತು. ನಾನು ಪಂಪ್‌ಸೆಟ್ಟಿನ ತೊಟ್ಟಿಯಲ್ಲಿ ಬಟ್ಟೆ ಒಗೆಯುತ್ತಿದ್ದೆ. ಮೊದಲು ಹೆಂಚು ಸಿಡಿಯುವ ಸದ್ದು, ಆಮೇಲೆ ಗಂಟಲಿಗೆ ಹತ್ತುವ ಹೊಗೆ. ಓಡಿ ಬರುವಷ್ಟರಲ್ಲಿ ಸೂರಿನ ಸಂದಿಯಿಂದೆಲ್ಲ ಬೆಂಕಿ ನಾಲಗೆ ಚಾಚಿತ್ತು. ಅಕ್ಕಪಕ್ಕದ ಹೊಲದವರು ಬಂದು ಪೈಪು ಎಳೆದು ನೀರು ಬಿಟ್ಟರು, ಮಣ್ಣು ಎರಚಿದರು. ಸೂರು ಒಳಕ್ಕೆ ಕುಸಿದು ಬಿದ್ದಾಗ ಬಾಗಿಲಿನಿಂದ ಬಂದ ಝಳಕ್ಕೆ ನನ್ನ ಗಂಡನ ಹುಬ್ಬು ಸುಟ್ಟುಹೋಯಿತು. ಕೊಕ್ಕೆ ಹಾಕಿ ಅರ್ಧ ಬೆಂದ ಕೋಲುಗಳನ್ನು ಯಾರೋ ಹೊರಕ್ಕೆ ಎಳೆದರು. ಅತ್ತೆ ಅವುಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಒಂದೊಂದನ್ನೇ ನೋಡುತ್ತಿದ್ದರು. ಅಳುತ್ತಿದ್ದಾರೆ ಅಂದುಕೊಂಡೆ.

ಹುಣಸೂರಿಗೆ ಹೋಗಿದ್ದ ಮಾವ ಫೋನ್ ಬಂದ ಕೂಡಲೇ ಓಡಿ ಬಂದ. ಬೈಕು ನಿಲ್ಲಿಸಲೂ ಇಲ್ಲ, ಹಾಗೇ ಬೀಳಿಸಿದ. ಬೂದಿ ನೋಡಿದ, ಜನ ನೋಡಿದ, ಆಮೇಲೆ ಮಗನ ಕಡೆ ತಿರುಗಿದ.

"ಕೆಳಗ್ಲ ಅಟ್ಟದಲ್ಲಿ ಯಾರ್ ಕೋಲ್ಲಾ ಇದ್ದದ್ದು?"

"ಅವ್ವನ್ವೇ" ಅಂದ ನನ್ನ ಗಂಡ. ಅವನಿಗೆ ಗೊತ್ತಿದ್ದ ನಿಜ ಅದೇ.

ಅತ್ತೆ ತಲೆ ಎತ್ತಿ ನನ್ನನ್ನು ನೋಡಿದರು. ಒಂದು ಸಲ ರೆಪ್ಪೆ ಬಡಿಯುವಷ್ಟು ಹೊತ್ತು. ಆಮೇಲೆ ಎದ್ದು ನಿಂತು, "ಊಂ, ನನ್ವೇ" ಅಂದರು.

ಮಾವ ಅವರ ಜುಟ್ಟು ಹಿಡಿದು ಜಗಲಿಯವರೆಗೆ ಎಳೆದುಕೊಂಡು ಹೋದ. ಬೆನ್ನಿಗೆ ಒದ್ದ. ಜಗಲಿಯ ಕಲ್ಲಿನ ಮೇಲೆ ಅವರ ಬಲಗೈ ಇಟ್ಟು ಮೊಣಕೈಯನ್ನು ಕಾಲಿನಿಂದ ಮೆಟ್ಟಿ ಹಿಡಿದ.

"ಇದೇ ಅಲ್ವಾ ಕೈ, ಕ್ಯಾಂಪಲ್ಲಿ ಕಲ್ತ ಕೈ" ಅಂದ.

ಕೋಲಿನಿಂದ ಮೂರು ಏಟು. ಮೊದಲನೆಯದಕ್ಕೆ ಅತ್ತೆ ಕಿರುಚಿದರು. ಎರಡನೆಯದಕ್ಕೆ ಸದ್ದು ಬಂದದ್ದು ಬೆರಳಿನಿಂದ, ಹಸಿ ಸೌದೆ ಮುರಿದ ಹಾಗೆ. ಮೂರನೆಯದಕ್ಕೆ ಅವರಿಗೆ ಜ್ಞಾನವಿರಲಿಲ್ಲ. ಹತ್ತು ಹದಿನೈದು ಜನ ಗಂಡಸರು ನಿಂತಿದ್ದರು, ಬೆಂಕಿ ಆರಿಸಲು ಓಡಿ ಬಂದವರೇ. ಒಬ್ಬರೂ ಹೆಜ್ಜೆ ಮುಂದಿಡಲಿಲ್ಲ. ಅದು ಅವರ ಮನೆ ವಿಚಾರವಂತೆ.

ನಾನು ಮಧ್ಯೆ ಬಿದ್ದು, ಅವು ನನ್ನ ಕೋಲು ಅಂತ ಕೂಗಿದೆ ಎಂದು ಇಲ್ಲಿ ಬರೆದುಕೊಳ್ಳಬಹುದಿತ್ತು. ಕೂಗಲಿಲ್ಲ. ಬಾಯಿ ತೆರೆದಿದ್ದೆ, ನಿಜ. ಆ ಕಲ್ಲಿನ ಮೇಲೆ ಅತ್ತೆಯ ಕೈಯ ಜಾಗದಲ್ಲಿ ನನ್ನ ಕೈ ಕಂಡ ಹಾಗಾಯಿತು, ಬಾಯಿ ಮುಚ್ಚಿಕೊಂಡೆ. ಅವತ್ತಿನ ನನ್ನನ್ನು ನೆನೆಸಿಕೊಂಡರೆ ಈಗಲೂ ಮುಖಕ್ಕೆ ಉಗಿಯಬೇಕು ಅನ್ನಿಸುತ್ತದೆ.

ಆಸ್ಪತ್ರೆಗೆ ಹೋದರೆ ಪೊಲೀಸರು ಕೇಳುತ್ತಾರೆ ಅಂತ ಮಾವ ಬಿಡಲಿಲ್ಲ. ಮೂಳೆ ಕಟ್ಟುವ ನಾಟಿ ವೈದ್ಯನನ್ನು ಮನೆಗೇ ಕರೆಸಿದ. ಬ್ಯಾರನ್ನಿನ ಅಟ್ಟದಿಂದ ಬಿದ್ದಳು ಅಂತ ಹೇಳಿದ. ವೈದ್ಯ ಮೊಟ್ಟೆಯ ಬಿಳಿ ಸವರಿ, ಬಿದಿರು ಸೀಳಿ ಬೆರಳಿನ ಎರಡೂ ಪಕ್ಕಕ್ಕೆ ಇಟ್ಟು, ಕಟ್ಟಲು ಏನಾದರೂ ಕೊಡಿ ಅಂದ. ನಾನೇ ಓಡಿಹೋಗಿ ಅತ್ತೆಯ ಹತ್ತಿ ನೂಲಿನ ಉಂಡೆ ತಂದುಕೊಟ್ಟೆ. ಬೆರಳುಗಳು ಕೂಡಿಕೊಂಡವು, ಸೊಟ್ಟಕ್ಕೆ. ಬಿಚ್ಚಿದ ಮೇಲೆ ಅತ್ತೆಗೆ ತುತ್ತು ಕಲಸಲು ಬರುತ್ತಿರಲಿಲ್ಲ, ಎಡಗೈಯಲ್ಲಿ ಚಮಚ ಹಿಡಿಯುವುದು ಕಲಿತರು. ಉಳಿದಿದ್ದ ನೈಲಾನನ್ನು ನಾನು ಅದೇ ವಾರ ತಿಪ್ಪೆಯಲ್ಲಿ ಹೂತುಹಾಕಿದೆ.

ಮುಂದಿನ ವರ್ಷ ಬ್ಯಾರನ್ನು ಕಟ್ಟಿಸಿಯಾಯಿತು. ಅತ್ತೆ ರಾಶಿಯ ಪಕ್ಕದಲ್ಲಿ ಕೂತು ಎಡಗೈಯಲ್ಲಿ ಎಲೆ ಜೋಡಿಸಿ ಕೊಡುತ್ತಿದ್ದರು, ನಾವು ಕಟ್ಟುತ್ತಿದ್ದೆವು. ಕೈ ಹೋದರೂ ಬಾಯಿ ಇತ್ತಲ್ಲ, ಕತೆ ಮುಂದುವರಿಯಿತು. ಆದರೆ ರಾಕ್ಷಸನ ಕತೆಯ ಕೊನೆಯನ್ನು ಅವರು ಬದಲಾಯಿಸಿಬಿಟ್ಟಿದ್ದರು. ಈಗ ಒನಕೆ ಬರುವ ಮುಂಚೆಯೇ ರಾಕ್ಷಸ ಮೈ ಕೊಡವುತ್ತಾನೆ. ಸುತ್ತಿದ ನೂಲಿನಲ್ಲಿ ಒಂದು ಎಳೆ ಜಾರುತ್ತದೆ. ಅವನು ಎದ್ದು ನಿಂತು ಕತೆ ಹೇಳಿದ ಹೆಂಗಸಿನ ಕೈಯನ್ನು ತಿನ್ನುತ್ತಾನೆ. ಮನೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಾರೆ, ಆ ಎಳೆ ಕೊಟ್ಟವರು ಯಾರು ಅಂತ.

"ಆಮೇಲೆ?" ಅಂತ ಹೆಂಗಸರು ಕೇಳಿದರು.

"ಆಮೇಲೆ ಇನ್ನೂ ಆಗಿಲ್ಲ ಕಣ್ರವ್ವ" ಅಂದರು ಅತ್ತೆ.

ನನ್ನ ಕೈಯಲ್ಲಿದ್ದ ನೂಲು ಹರಿಯಿತು. ಇವರಿಗೆ ಗೊತ್ತಿದೆಯೇ? ಗೊತ್ತಿದ್ದರೆ ಬೈಯಬೇಡವೇ, ಗಂಡನಿಗೆ ಹೇಳಬೇಡವೇ? ಅತ್ತೆಯ ಮುಖದಲ್ಲಿ ಏನೂ ಇರಲಿಲ್ಲ. ಆ ಕಾಲದ ಸೊಪ್ಪು ಮುಗಿಯುವವರೆಗೂ ಅದೇ ಕತೆ ನಾಕಾರು ಸಲ ಬಂತು, ಪ್ರತಿ ಸಲವೂ ಅಲ್ಲಿಗೇ ನಿಂತಿತು. ಒಂದು ದಿನ ಅವರು ಕತೆ ಶುರು ಮಾಡಿದಾಗ ನೀರು ಕುಡಿಯುವ ನೆಪದಲ್ಲಿ ಎದ್ದುಹೋಗಿ ಬಚ್ಚಲಲ್ಲಿ ವಾಂತಿ ಮಾಡಿಕೊಂಡೆ. ಮನೆಯವರು ಬಸುರಿ ಅಂದುಕೊಂಡರು.

ಅದರ ಮುಂದಿನ ವರ್ಷ ಸೊಪ್ಪು ಹೊಲಿಯುವ ಮಿಷನ್ನು ಬಂತು. ಕೋಲಿನ ಎರಡೂ ಪಕ್ಕ ಸೊಪ್ಪು ಹರಡಿ ತಳ್ಳಿದರೆ ಸೂಜಿ ಟಕಟಕ ಅಂತ ಹೊಲಿದುಕೊಂಡು ಹೋಗುತ್ತದೆ. ಹತ್ತು ಹೆಂಗಸರ ಕೆಲಸ ಇಬ್ಬರಿಗೆ ಇಳಿಯಿತು. ಕೋಲಿಗೆ ಗಂಟು ಇಲ್ಲ, ಯಾರದು ಅಂತ ಗುರುತೂ ಇಲ್ಲ. ಆ ಸದ್ದಿನಲ್ಲಿ ಕತೆ ಯಾರಿಗೆ ಕೇಳುತ್ತದೆ, ಅತ್ತೆ ಹೇಳುವುದು ಬಿಟ್ಟರು. ನಿಜ ಹೇಳುತ್ತೇನೆ, ನನಗೆ ಜೀವ ಬಂದ ಹಾಗಾಯಿತು. ಆ ಮಿಷನ್ನಿಗೆ ಆಯುಧಪೂಜೆಯಲ್ಲಿ ನಾನು ಹಾಕಿದಷ್ಟು ದೊಡ್ಡ ಹಾರ ಯಾರೂ ಹಾಕಿರಲಿಕ್ಕಿಲ್ಲ.

ಅದು ಬಂದ ಎರಡನೇ ವರ್ಷ, ಒಂದು ಬೆಳಿಗ್ಗೆ, ಮಿಷನ್ನಿನಲ್ಲಿ ನೂಲು ಹರಿಯತೊಡಗಿತು. ಮಾವ ಹೊಲಿಯುತ್ತಿದ್ದ, ನನ್ನ ಗಂಡ ಕೋಲು ಕೊಡುತ್ತಿದ್ದ, ನಾನು ಸೊಪ್ಪು ಹರಡುತ್ತಿದ್ದೆ. ಐದು ಸಲ ಹರಿದ ಮೇಲೆ ಅತ್ತೆ ಎದ್ದು ಬಂದು, ಸೊಟ್ಟ ಬೆರಳಿನಲ್ಲೇ ನೂಲನ್ನು ಮುಟ್ಟಿ ನೋಡಿದರು.

"ಬಿಗಿ ಜಾಸ್ತಿ ಆಗೈತೆ. ವಸಿ ಸಡಿಲ ಬುಡಿ" ಅಂದರು.

"ನಿನ್ ಮೊಂಡುಗೈ ತಂದು ಇದಕ್ಕೂ ಇಕ್ಕುದ್ಯಾ, ಮುಂಡೆ" ಅಂದ ಮಾವ. "ಒಂದು ಬ್ಯಾರನ್ ಸುಟ್ಟಿದ್ದು ಸಾಲ್ದಾ?"

ಬಗ್ಗಿದ. ಕೋಲು ತೆಗೆದುಕೊಂಡ. ಅತ್ತೆ ಎರಡೂ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಬೆನ್ನು ತಿರುಗಿಸಿದರು. ಕೈ ಉಳಿಸಿಕೊಂಡು ಬೆನ್ನು ಕೊಡುವುದು ಅವರಿಗೆ ಅಭ್ಯಾಸವಾಗಿಹೋಗಿತ್ತು, ಅದನ್ನು ನೋಡಿದೆ ನೋಡಿ, ಆಮೇಲೆ ನನಗೆ ಏನೂ ತೋಚಲಿಲ್ಲ. ಕೋಲು ಒಮ್ಮೆ ಅವರ ಬೆನ್ನಿಗೆ ಬಿತ್ತು. ಎರಡನೇ ಸಲ ಮೇಲೆದ್ದಾಗ ನಾನು ಅದರ ತುದಿ ಹಿಡಿದು ಕಿತ್ತುಕೊಂಡೆ. ಅವನ ಮುಂಗೈಗೆ ಬೀಸಿದೆ. ಭುಜಕ್ಕೆ ಬೀಸಿದೆ. ಅವನು ಸೊಪ್ಪಿನ ರಾಶಿಯ ಮೇಲೆ ಮಗುಚಿಕೊಂಡ ಮೇಲೂ ಮಂಡಿಗೆ, ತೊಡೆಗೆ, ಕೋಲು ಸೀಳಿ ಎರಡಾಗುವವರೆಗೆ ಹೊಡೆದೆ. ಹೊಡೆಯುವಾಗ ಖುಷಿಯಾಗುತ್ತಿತ್ತು. ಪಾಪ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಅವನು ಮುಂಗೈ ಹಿಡಿದುಕೊಂಡು ನಾಯಿಮರಿಯ ಹಾಗೆ ಕುಂಯ್‌ಗುಟ್ಟುತ್ತಿದ್ದ.

ನನ್ನ ಗಂಡ ಮಿಷನ್ನು ನಿಲ್ಲಿಸಿ ಓಡಿ ಬಂದು ನನ್ನ ಕುತ್ತಿಗೆಗೆ ಕೈ ಹಾಕಿದ. ಆ ನಿಶ್ಶಬ್ದದಲ್ಲಿ ನನ್ನ ಬಾಯಿಂದ ಅದು ಹೊರಬಿತ್ತು. "ಅವತ್ತು ಕೆಳಗಿನ ಅಟ್ಟದಲ್ಲಿದ್ದ ಕೋಲು ಅತ್ತೆಯವಲ್ಲ, ನನ್ನವು. ನೈಲಾನ್ ತಂದು ಕಟ್ಟಿದ್ದೆ. ಅತ್ತೆ ಗಂಟು ಹಾಕಿದ್ದೆ. ಬ್ಯಾರನ್ನು ಸುಟ್ಟೋಳು ನಾನು."

ಗಂಡನ ಕೈ ಮೇಲೆದ್ದಿತು. ಅದು ನನ್ನ ಕೆನ್ನೆಗೆ ಬೀಳುವ ಮುಂಚೆ ಅತ್ತೆ ಅವನ ರಟ್ಟೆ ಹಿಡಿದರು.

"ಬುಡ್ಲಾ. ಅವಳ್ಗೆ ಒಡೀಬೇಕಾದೋಳು ನಾನು."

ಎಡಗೈಯಲ್ಲಿ ಸೊಂಟದ ಎಲೆಅಡಿಕೆ ಚೀಲ ಬಿಚ್ಚಿದರು. ಸುಣ್ಣದ ಡಬ್ಬಿಯ ಕೆಳಗಿನಿಂದ ಮೆಣಸಿನಕಾಳಿನಂಥ ನಾಕು ಕಪ್ಪು ಮಣಿ ತೆಗೆದು ನನ್ನ ಅಂಗೈಗೆ ಹಾಕಿದರು. ಹತ್ತಿ ಸುಟ್ಟರೆ ಬೂದಿಯಾಗುತ್ತದೆ. ನೈಲಾನ್ ಕರಗಿ, ಹೀಗೆ ಮಣಿಗಟ್ಟುತ್ತದೆ. ಅವತ್ತು ಬೆಂದ ಕೋಲುಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಅವರು ಕಿತ್ತು ಮುಚ್ಚಿಟ್ಟುಕೊಂಡದ್ದು ಇದನ್ನು. ಊಂ, ನನ್ವೇ ಅನ್ನುವ ಮುಂಚೆಯೇ ಅವರಿಗೆ ಎಲ್ಲ ಗೊತ್ತಿತ್ತು.

"ಮಗೀನಂಗಿದ್ದೆ ನೀನು. ನಿನ್ ಕೈ ಮುರೀತಾನೆ ಅಂತ ನನ್ ಕೈ ಕೊಟ್ಟೆ, ಅದುಕ್ಕೆ ನಂಗೇನೂ ಇಲ್ಲ" ಅಂದರು. "ಮೂರು ವರ್ಸ ಕಾದೆ ಕಣಮ್ಮಿ. ಇವತ್ತು ನಿಜ ಏಳ್ತಾಳೆ, ನಾಳೆ ಏಳ್ತಾಳೆ ಅಂತ. ನನ್ ಕಿವೀಲಾದ್ರೂ ಒಂದ್ ಮಾತು ಏಳಬಾರ್ದಾಗಿತ್ತಾ?"

ಅತ್ತೆ ಬಲಗೈ ಎತ್ತಿದರು. ಮದುವೆಯಾಗಿ ಬಂದಂದಿನಿಂದ ಅವರು ನನಗೆ ಒಂದು ಏಟೂ ಹಾಕಿರಲಿಲ್ಲ. ಇರುವ ಬಲವನ್ನೆಲ್ಲ ಭುಜಕ್ಕೆ ತಂದು ನನ್ನ ಕೆನ್ನೆಗೆ ಹೊಡೆದರು. ಚುರುಕ್ ಅನ್ನಲಿ, ಬಾಯಿ ಒಡೆದು ರಕ್ತ ಬರಲಿ ಅಂತ ನಾನು ಹಲ್ಲು ಕಚ್ಚಿ, ಮುಖ ಒಡ್ಡಿ ನಿಂತಿದ್ದೆ. ಅಂಗೈ ಅಗಲವಾಗಲಿಲ್ಲ. ಸೊಟ್ಟ ಬೆರಳುಗಳು ಕೆನ್ನೆಗೆ ತಗುಲಿ ಹಾಗೇ ಜಾರಿಹೋದವು. ನೋವೇ ಆಗಲಿಲ್ಲ.